ಪಾಸ್‌ವರ್ಡ್ ಒಂದೇ ಕಡೆ ಇರಲಿ: ಚಾಟ್ ಸರ್ವರ್‌ ಮತ್ತು ಹೊರಗಿನ ಸ್ಕ್ರಿಪ್ಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಬಹಳಷ್ಟು ಜನ ಒಂದಲ್ಲ ಒಂದು ಸಂಸ್ಥೆಯ ಸರ್ವರ್ ನೋಡಿಕೊಳ್ಳುವವರು. ಹಾಗಾಗಿ ನೇರವಾಗಿ ವಿಷಯಕ್ಕೇ ಬರುತ್ತೇನೆ.

ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪೋರ್ಟಲ್ ವರ್ಷಗಳಿಂದ ನಡೆಯುತ್ತಿದೆ ಅಂದುಕೊಳ್ಳಿ. ಎಲ್ಲರ ಖಾತೆಯೂ ಅಲ್ಲಿದೆ. ಈಗ ಚಾಟ್ ಸರ್ವರ್ ಬೇಕು ಅನ್ನುತ್ತಾರೆ. ಥಟ್ಟನೆ ಹೊಳೆಯುವ ದಾರಿ, ಪೋರ್ಟಲ್‌ನ ಪಟ್ಟಿಯನ್ನು ನಕಲು ಮಾಡಿ ರಾತ್ರಿಗೊಮ್ಮೆ ಹೊಂದಿಸುವುದು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಪಾಸ್‌ವರ್ಡ್ ಎರಡು ಕಡೆ ಇದ್ದರೆ ಕದಿಯುವವರಿಗೂ ಎರಡು ಬಾಗಿಲು. ಮಧ್ಯಾಹ್ನ ಪಾಸ್‌ವರ್ಡ್ ಬದಲಿಸಿದ ಹುಡುಗಿಗೆ ಚಾಟ್‌ನಲ್ಲಿ ರಾತ್ರಿಯವರೆಗೂ ಹಳೆಯದೇ ಬೇಕು. ಸಾಲದ್ದಕ್ಕೆ, ಪೋರ್ಟಲ್ ಪಾಸ್‌ವರ್ಡನ್ನು ಹ್ಯಾಶ್ ಮಾಡಿಟ್ಟ, ಅಂದರೆ ಮರಳಿ ಓದಲಾಗದಂತೆ ಬದಲಿಸಿಟ್ಟ ರೀತಿ ಚಾಟ್ ಸರ್ವರ್‌ಗೆ ಅರ್ಥವಾಗಬೇಕೆಂದೂ ಇಲ್ಲ.

ಇಜ್ಯಾಬರ್‌ಡಿ ಇದಕ್ಕೆ ಬೇರೆಯದೇ ಉಪಾಯ ಕೊಡುತ್ತದೆ. ಅಲೆಕ್ಸಿ ಶೆಪಿನ್ 2002ರಲ್ಲಿ ಎರ್ಲ್ಯಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಶುರುಮಾಡಿದ ಚಾಟ್ ಸರ್ವರ್ ಇದು; ಎಕ್ಸ್‌ಎಂಪಿಪಿ ಎಂಬ ಚಾಟ್ ನಿಯಮಾವಳಿಯಂತೆ ನಡೆಯುತ್ತದೆ. ದೃಢೀಕರಣದ ವಿಧಾನ 'ಎಕ್ಸ್‌ಟರ್ನಲ್' ಎಂದು ಸೆಟ್ ಮಾಡಿ, ನಿಮ್ಮ ಸ್ಕ್ರಿಪ್ಟ್, ಅಂದರೆ ನೀವೇ ಬರೆದ ಪುಟ್ಟ ಪ್ರೋಗ್ರಾಂ, ಎಲ್ಲಿದೆ ಎಂದು ತೋರಿಸಿದರೆ ಸಾಕು. ಸರ್ವರ್ ತಾನು ಏಳುವಾಗ ಸ್ಕ್ರಿಪ್ಟನ್ನೂ ಎಬ್ಬಿಸುತ್ತದೆ. ಆಮೇಲೆ ಯಾರು ಲಾಗಿನ್ ಆದರೂ ಸ್ಕ್ರಿಪ್ಟನ್ನು ಕೇಳುತ್ತದೆ: ಇವರು ಹೌದೋ, ಅಲ್ಲವೋ? ಸ್ಕ್ರಿಪ್ಟ್ ಪೋರ್ಟಲ್‌ನ ಡೇಟಾಬೇಸ್ ನೋಡಿ ಉತ್ತರ ಹೇಳುತ್ತದೆ. ಪೈಥಾನ್, ಪರ್ಲ್, ಪಿಎಚ್‌ಪಿ, ನಿಮಗೆ ಯಾವುದು ಬರುತ್ತದೋ ಅದರಲ್ಲೇ ಬರೆಯಬಹುದು.

ಮಾತುಕತೆ ನಡೆಯುವುದು ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಮೂಲಕ, ಅಂದರೆ ಪ್ರೋಗ್ರಾಂ ಓದುವ ಮತ್ತು ಬರೆಯುವ ಮಾಮೂಲಿ ದಾರಿಗಳಲ್ಲಿ. ಮೊದಲ ಎರಡು ಬೈಟ್‌ಗಳಲ್ಲಿ ಸಂದೇಶದ ಉದ್ದ ಬರುತ್ತದೆ. ಅದರ ಹಿಂದೆಯೇ 'ಆಥ್' (auth, ದೃಢೀಕರಿಸು) ಎಂಬ ಪದ, ಬಳಕೆದಾರರ ಹೆಸರು, ಸರ್ವರ್‌ನ ಹೆಸರು, ಪಾಸ್‌ವರ್ಡ್; ನಡುನಡುವೆ ಕೋಲನ್. ಉತ್ತರ ಬರೀ ನಾಲ್ಕು ಬೈಟ್. ಹೌದಾದರೆ 0, 2, 0, 1. ಅಲ್ಲವಾದರೆ ಕೊನೆಯದೂ 0.

ಇಷ್ಟು ಸಣ್ಣ ಒಪ್ಪಂದ, ಆದರೆ ಸ್ಕ್ರಿಪ್ಟ್‌ಗಳು ಕೆಡುವುದೂ ಇಲ್ಲೇ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರವಿ ಎಂಬ ಬಳಕೆದಾರ ತನ್ನ ಪಾಸ್‌ವರ್ಡನ್ನು ಕನ್ನಡದಲ್ಲೇ 'ಮಾವು' ಎಂದು ಇಟ್ಟುಕೊಂಡಿದ್ದಾನೆ. ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಮ, ದೀರ್ಘದ ಚಿಹ್ನೆ, ವ, ಕೊಂಬು, ಹೀಗೆ ನಾಲ್ಕು. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಅಲ್ಲಿಗೆ 12. ಅದಕ್ಕೂ ಮೊದಲು ಬರುವ ಇಂಗ್ಲಿಷ್ ಭಾಗ 20 ಬೈಟ್ ಇದ್ದರೆ ಸರ್ವರ್ 32 ಎಂದು ಉದ್ದ ಹೇಳುತ್ತದೆ. ನಿಮ್ಮ ಸ್ಕ್ರಿಪ್ಟ್ ಬೈಟ್ ಬದಲು ಯೂನಿಕೋಡ್ ಸಂಕೇತ ಎಣಿಸುತ್ತಿದ್ದರೆ, ಅದಕ್ಕೆ ಸಿಗುವುದು 24. ಉಳಿದ ಎಂಟು ಬರಲಿ ಎಂದು ಅದು ಕಾಯುತ್ತದೆ, ಉತ್ತರ ಬರಲಿ ಎಂದು ಸರ್ವರ್ ಕಾಯುತ್ತದೆ. ಇಂಗ್ಲಿಷ್ ಪಾಸ್‌ವರ್ಡ್‌ಗಳಿಂದ ಮಾತ್ರ ಪರೀಕ್ಷಿಸಿದವರಿಗೆ ಇದು ಎಂದೂ ಕಾಣುವುದಿಲ್ಲ. ನಮ್ಮ ಜನ ನಮ್ಮ ಲಿಪಿಯಲ್ಲಿ ಪಾಸ್‌ವರ್ಡ್ ಇಟ್ಟರೆ ಅದು ನಡೆಯಲೇಬೇಕು. ಇನ್‌ಪುಟ್ಟನ್ನು ಬೈಟ್‌ಗಳಾಗಿಯೇ ಓದಿ.

ಪಾಸ್‌ವರ್ಡ್‌ನೊಳಗೇ ಕೋಲನ್ ಇದ್ದರೆ? ಮೊದಲ ಮೂರು ಕೋಲನ್‌ಗಳಲ್ಲಷ್ಟೇ ಒಡೆಯಿರಿ, ಉಳಿದದ್ದೆಲ್ಲ ಪಾಸ್‌ವರ್ಡ್. ಉತ್ತರ ಬರೆದ ಕೂಡಲೇ ಫ್ಲಶ್ ಮಾಡಿ, ಅಂದರೆ ಆಗಲೇ ಹೊರಗೆ ಕಳಿಸಿ, ಇಲ್ಲದಿದ್ದರೆ ಆ ನಾಲ್ಕು ಬೈಟ್ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲೇ ಕೂತಿರುತ್ತವೆ. ಏನಾಗುತ್ತಿದೆ ನೋಡೋಣ ಎಂದು ಒಂದು ಪ್ರಿಂಟ್ ಸಾಲು ಸೇರಿಸಿದಿರೋ, ಅದೂ ಉತ್ತರದೊಳಗೆ ಬೆರೆತು ಇಡೀ ಮಾತುಕತೆ ಕೆಡುತ್ತದೆ. ಲಾಗ್ ಬೇಕಿದ್ದರೆ ಬೇರೆ ಫೈಲ್‌ಗೆ ಬರೆಯಿರಿ, ಅದರಲ್ಲಿ ಪಾಸ್‌ವರ್ಡ್ ಮಾತ್ರ ಯಾವ ಕಾರಣಕ್ಕೂ ಬೇಡ.

ಡೇಟಾಬೇಸ್ ಬಿದ್ದುಹೋದಾಗ ಉತ್ತರ 'ಅಲ್ಲ' ಎಂದೇ ಇರಬೇಕು. ಜನ ಒಂದು ಗಳಿಗೆ ಹೊರಗೆ ಉಳಿದರೂ ಚಿಂತೆಯಿಲ್ಲ, ಗೊತ್ತಿಲ್ಲದವರು ಒಳಗೆ ಬರಬಾರದು. 'ಆಥ್' ಅಲ್ಲದೆ 'ಈಸ್‌ಯೂಸರ್' ಎಂಬ ಪ್ರಶ್ನೆಯೂ ಬರುತ್ತದೆ, ಈ ಹೆಸರಿನವರು ಇದ್ದಾರೆಯೇ ಎಂದು. ಕೆಲಸ ಉಳಿಸಲು ಅದಕ್ಕೆ ಕಣ್ಣುಮುಚ್ಚಿ ಹೌದು ಎಂದರೆ, ಇಲ್ಲದವರ ಹೆಸರಿಗೂ ಸರ್ವರ್ ಸಂದೇಶ ಕೂಡಿಡುತ್ತದೆ.

ಈ ವಿಧಾನಕ್ಕೆ ತೆರಬೇಕಾದ ಬೆಲೆಯೊಂದಿದೆ. ಸ್ಕ್ರ್ಯಾಮ್‌ನಂಥ ಲಾಗಿನ್ ವಿಧಾನಗಳಲ್ಲಿ ಪಾಸ್‌ವರ್ಡ್ ಬಳಕೆದಾರರ ಯಂತ್ರ ಬಿಟ್ಟು ಹೊರಡುವುದೇ ಇಲ್ಲ. ಅದಕ್ಕೆ ಬೇಕಾದ ಕೀಲಿ ಸರ್ವರ್ ಬಳಿ ಇರಬೇಕು, ಹೌದು-ಅಲ್ಲ ಎನ್ನುವ ಸ್ಕ್ರಿಪ್ಟ್ ಅದನ್ನು ಕೊಡಲಾರದು. ಹಾಗಾಗಿ ಪಾಸ್‌ವರ್ಡ್ ಇದ್ದಂತೆಯೇ ಸರ್ವರ್‌ವರೆಗೆ ಬರುತ್ತದೆ. ಬಳಕೆದಾರರು ಸಂಪರ್ಕಿಸುವ 5222ನೇ ಪೋರ್ಟ್‌ನಲ್ಲಿ, ದಾರಿಯಲ್ಲಿ ಯಾರೂ ಓದದಂತೆ ಮಾಹಿತಿಯನ್ನು ಗೂಢಲಿಪಿಯಾಗಿಸುವ ಟಿಎಲ್‌ಎಸ್ ಕಡ್ಡಾಯ ಮಾಡದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸ್ಕ್ರಿಪ್ಟ್ ಒಂದು ಸಲಕ್ಕೆ ಒಂದೇ ಪ್ರಶ್ನೆ ನೋಡುತ್ತದೆ. ಅದಕ್ಕೇ ಇಜ್ಯಾಬರ್‌ಡಿ ಅದರ ಹಲವು ಪ್ರತಿಗಳನ್ನು ಒಟ್ಟಿಗೆ ಓಡಿಸಬಲ್ಲದು.

ಕೊನೆಯದಾಗಿ, ಕೆಲಸ ಬಿಟ್ಟುಹೋದವರ ಖಾತೆ. ಪೋರ್ಟಲ್‌ನಲ್ಲಿ ಅದನ್ನು ಮುಚ್ಚಿದರೆ ಮುಂದಿನ ಲಾಗಿನ್ ನಿಲ್ಲುತ್ತದೆ, ಅದೂ ಸರ್ವರ್ ಉತ್ತರಗಳನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವ ಕ್ಯಾಶ್‌ನಲ್ಲಿ ಹಳೆಯ ಉತ್ತರ ಉಳಿದಿಲ್ಲದಿದ್ದರೆ. ಆಗಲೇ ಒಳಗಿರುವವರ ಸಂಪರ್ಕವಂತೂ ಹಾಗೇ ಮುಂದುವರಿಯುತ್ತದೆ, ಏಕೆಂದರೆ ಪಾಸ್‌ವರ್ಡ್ ಸರಿಯೇ ಎಂದು ಸ್ಕ್ರಿಪ್ಟನ್ನು ಕೇಳುವುದು ಒಳಗೆ ಬರುವಾಗ ಮಾತ್ರ. ಖಾತೆ ಮುಚ್ಚುವ ಕೋಡ್‌ನಲ್ಲೇ ಒಳಗಿರುವವರನ್ನು ಹೊರಹಾಕುವ ಸರ್ವರ್‌ನ 'ಕಿಕ್ ಯೂಸರ್' ಆದೇಶವನ್ನೂ ಸೇರಿಸಿ, ಕ್ಯಾಶ್‌ನ ಅವಧಿಯನ್ನು ಕೆಲವೇ ನಿಮಿಷಕ್ಕೆ ಇಳಿಸಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.