ಯಾವ ಫಂಗಸ್ ಎಂದು ಬೆಳಕನ್ನು ಕೇಳಿ

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಬೆಳಗಾವಿ ಕಡೆ ಕಬ್ಬು ಕಡಿಯುವ ಹಂಗಾಮು ಶುರುವಾದರೆ ಕಣ್ಣಿನ ಡಾಕ್ಟರ ಹತ್ತಿರ ಒಂದು ಥರದ ಪೇಶಂಟ್‌ಗಳು ಬರುತ್ತಾರೆ. ಕಬ್ಬಿನ ಗರಿ ಕಣ್ಣಿಗೆ ಬಡಿದಿರುತ್ತದೆ. ಸಣ್ಣ ಗೀರು, ಅಷ್ಟೇ. ನೀರಿನಿಂದ ತೊಳೆದು ಮತ್ತೆ ಕೆಲಸಕ್ಕೆ ನಿಂತಿರುತ್ತಾರೆ. ಕೆಲವು ದಿನ ಬಿಟ್ಟು ಕಣ್ಣು ಕೆಂಪಾಗುತ್ತದೆ, ಕರಿಗುಡ್ಡೆಯ ಮೇಲೆ ಬೆಳ್ಳಗಿನ ಕಲೆ ಮೂಡುತ್ತದೆ, ಅದರ ಅಂಚು ನುಣುಪಾಗಿರದೆ ಎಳೆ ಎಳೆಯಾಗಿ ಹರಡಿರುತ್ತದೆ. ಎಷ್ಟೋ ಸಲ ಇದು ಫಂಗಸ್ ಸೋಂಕು. ಹೆಚ್ಚಾಗಿ ಫ್ಯುಸೇರಿಯಂ, ಇಲ್ಲವೇ ಆಸ್ಪರ್ಜಿಲಸ್. ಎರಡೂ ಮಣ್ಣಿನಲ್ಲಿ, ಕೊಳೆತ ರವದಿಯಲ್ಲಿ ಇರುವಂಥವೇ.

ಡಾಕ್ಟರು ಆ ಹುಣ್ಣನ್ನು ಸ್ವಲ್ಪ ಕೆರೆದು ಸ್ಲೈಡಿಗೆ ಹಚ್ಚಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಎಳೆಗಳು ಕಂಡರೆ ಫಂಗಸ್ ಇದೆ ಎಂದು ಅವತ್ತೇ ಗೊತ್ತಾಗುತ್ತದೆ. ಯಾವ ಫಂಗಸ್ ಎನ್ನುವುದು ಬೇರೆ ಮಾತು. ಅದಕ್ಕೆ ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ಕೆಲವು ದಿನ, ಒಮ್ಮೊಮ್ಮೆ ಎರಡು ವಾರವೂ ಹಿಡಿಯುತ್ತದೆ. ಅಷ್ಟರಲ್ಲಿ ಮೆಡಿಕಲ್ ಶಾಪಿಗೆ ಹೋಗಿ 'ಕಣ್ಣು ಕೆಂಪಾಗೈತಿ, ಏನರ ಡ್ರಾಪ್ಸ್ ಕೊಡ್ರಿ' ಅಂತ ಸ್ಟಿರಾಯ್ಡ್ ಡ್ರಾಪ್ಸ್ ತಂದು ಹಾಕಿಕೊಂಡರೆ ಕೆಂಪು ಇಳಿಯುತ್ತದೆ, ಒಳಗೆ ಫಂಗಸ್ ಆರಾಮಾಗಿ ಬೆಳೆಯುತ್ತದೆ. ದಯವಿಟ್ಟು ಬೇಡ.

ಈ ಕಾಯುವ ದಿನಗಳನ್ನು ಕಡಿಮೆ ಮಾಡಲು ಬೆಳಕಿನ ಸಹಾಯ ಸಿಗುತ್ತಾ ಅಂತ ವಿಜ್ಞಾನಿಗಳು ನೋಡುತ್ತಿದ್ದಾರೆ. 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡುಹಿಡಿದದ್ದು ನಿಮಗೆ ಗೊತ್ತೇ ಇದೆ, ಅಲ್ವಾ? ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟರೆ ಬಹುಪಾಲು ಅದೇ ಬಣ್ಣದಲ್ಲಿ ಚದುರುತ್ತದೆ, ಕೋಟಿಗೆ ಒಂದರಷ್ಟು ಬೆಳಕಿನ ಕಣ ಮಾತ್ರ ಬಣ್ಣ ಬದಲಿಸಿ ಬರುತ್ತದೆ. ಎಷ್ಟು ಬದಲಾಯಿತು ಎನ್ನುವುದು ಆ ವಸ್ತುವಿನ ಅಣುಗಳು ಹೇಗೆ ನಡುಗುತ್ತವೆ ಎನ್ನುವುದರ ಮೇಲಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ಸಪ್ಪಳ ಕೇಳುತ್ತೇವಲ್ಲ, ಹಾಗೇ ಇಲ್ಲಿ ಬಡಿಯುವುದು ಲೇಸರ್.

ಫಂಗಸ್ಸಿನ ಜೀವಕೋಶದ ಗೋಡೆಯಲ್ಲಿ ಕೈಟಿನ್, ಗ್ಲೂಕನ್ ಎಂಬ ಪದಾರ್ಥಗಳು ಇರುತ್ತವೆ. ನಮ್ಮ ಜೀವಕೋಶಕ್ಕೆ ಆ ಗೋಡೆಯೇ ಇಲ್ಲ. ನಮ್ಮಲ್ಲಿ ಕೊಲೆಸ್ಟ್ರಾಲ್ ಇರುವ ಜಾಗದಲ್ಲಿ ಅದಕ್ಕೆ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು. ಫಂಗಸ್ಸಿಗೆಂದು ಕಣ್ಣಿಗೆ ಹಾಕುವ ನಾಟಮೈಸಿನ್ ಔಷಧಿ ಹೋಗಿ ಅಂಟಿಕೊಳ್ಳುವುದು ಈ ಎರ್ಗೋಸ್ಟೆರಾಲಿಗೇ, ಫ್ಲುಕೋನಜೋಲ್ ಎಂಬ ಇನ್ನೊಂದು ಫಂಗಸ್ ಔಷಧಿ ತಡೆಯುವುದು ಅದರ ತಯಾರಿಕೆಯನ್ನೇ. ಅಂದರೆ ಔಷಧಿ ಹುಡುಕಿಕೊಂಡು ಹೋಗುವ ವಸ್ತುವನ್ನೇ ಬೆಳಕೂ ಹುಡುಕಬಹುದು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಇನ್‌ಫ್ರಾರೆಡ್ ಬೆಳಕಿನಲ್ಲೂ ಇಂಥದ್ದೇ ಕೆಲಸ ನಡೆಯುತ್ತದೆ. ಆದರೆ ನೀರು ಆ ಬೆಳಕನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ಸಾಮಾನ್ಯವಾಗಿ ಸ್ಯಾಂಪಲ್ ಒಣಗಿಸಿ ಇಡುತ್ತಾರೆ. ರಾಮನ್ ವಿಧಾನಕ್ಕೆ ನೀರಿನ ಕಾಟ ಕಡಿಮೆ. ಅದಕ್ಕೆ ಬೇರೆ ಕಾಟ ಇದೆ: ಎಷ್ಟೋ ಬೂಷ್ಟುಗಳಲ್ಲಿ ಬಣ್ಣದ ಪದಾರ್ಥ ಇರುತ್ತದೆ, ಲೇಸರ್ ಬಿದ್ದ ಕೂಡಲೇ ಅದು ತಾನೇ ಹೊಳೆಯತೊಡಗಿ, ಆ ಹೊಳಪಿನಲ್ಲಿ ನಮಗೆ ಬೇಕಾದ ಮಂದ ಸಂಕೇತ ಮುಳುಗಿಹೋಗುತ್ತದೆ. ಅದಕ್ಕೇ 785 ನ್ಯಾನೋಮೀಟರಿನಂಥ ಲೇಸರ್ ಬಳಸುತ್ತಾರೆ, ಆಗ ಹೊಳಪು ಕಡಿಮೆಯಾಗುತ್ತದೆ.

ಇವೆಲ್ಲ ಇನ್ನೂ ಹೆಚ್ಚಾಗಿ ಸಂಶೋಧನೆಯ ಲ್ಯಾಬಿನಲ್ಲೇ ಇವೆ. ದೊಡ್ಡ ಆಸ್ಪತ್ರೆಗಳಲ್ಲಿ ಈಗಾಗಲೇ ದಿನಬಳಕೆಗೆ ಬಂದಿರುವುದು ಮಾಲ್ಡಿ-ಟಾಫ್ ಎಂಬ ಮಷೀನು. ಇದು ಬೆಳಕನ್ನು ಅಳೆಯುವುದಿಲ್ಲ, ತೂಕ ಅಳೆಯುತ್ತದೆ. ಲೇಸರ್ ಹೊಡೆದು ಪ್ರೋಟೀನುಗಳನ್ನು ಹಾರಿಸಿ, ಯಾವುದು ಎಷ್ಟು ಬೇಗ ಕೊಳವೆ ದಾಟಿತು ಎಂದು ನೋಡುತ್ತದೆ. ಹಗುರವಾದದ್ದು ಮೊದಲು ಬರುತ್ತದೆ. ಬೆಳೆದ ಕಾಲೊನಿ ಕೈಯಲ್ಲಿದ್ದರೆ ಹೆಸರು ನಿಮಿಷಗಳಲ್ಲಿ ಸಿಗುತ್ತದೆ. ಯೀಸ್ಟ್ ಆದರೆ ಸಲೀಸು. ಬೂಷ್ಟಿನ ಗೋಡೆ ಗಟ್ಟಿ, ಅದನ್ನು ಮೊದಲು ಫಾರ್ಮಿಕ್ ಆಸಿಡ್ ಹಾಕಿ ಒಡೆಯಬೇಕು.

ಹೆಸರು ಸರಿಯಾಗಿ ಸಿಗುವುದು ಯಾಕೆ ಮುಖ್ಯ? ಕ್ಯಾಂಡಿಡಾ ಆರಿಸ್ ನೋಡಿ. 2009ರಲ್ಲಿ ಜಪಾನಿನ ಒಬ್ಬ ರೋಗಿಯ ಕಿವಿಯಿಂದ ಸಿಕ್ಕಿತೆಂದು ವರದಿಯಾದ ಈ ಯೀಸ್ಟ್ ಆಸ್ಪತ್ರೆಗಳಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಫ್ಲುಕೋನಜೋಲಿಗೆ ಬಹಳ ಸಲ ಬಗ್ಗುವುದಿಲ್ಲ. ಹಳೆಯ ಪರೀಕ್ಷೆಗಳು ಇದನ್ನು ಕ್ಯಾಂಡಿಡಾ ಹೀಮ್ಯುಲೋನಿ ಎಂದು ತಪ್ಪು ಹೇಳುತ್ತಿದ್ದವು. ಮಾಲ್ಡಿ-ಟಾಫ್ ಸರಿಯಾಗಿ ಗುರುತಿಸುತ್ತದೆ, ಆದರೆ ಅದರ ಕಂಪ್ಯೂಟರಿನಲ್ಲಿ ಆರಿಸ್‌ನ ನಮೂನೆ ಮೊದಲೇ ಸೇರಿಸಿದ್ದರೆ ಮಾತ್ರ.

ಈ 'ಮಾತ್ರ' ಅನ್ನುವುದೇ ನನ್ನ ತಕರಾರು. ಮಷೀನು ತನ್ನಲ್ಲಿರುವ ನಮೂನೆಗಳ ಜೊತೆ ಹೋಲಿಸಿ ನೋಡುತ್ತದೆ, ಅಷ್ಟೇ. ಬೇರೆ ದೇಶದ ರೋಗಿಗಳಿಂದ ಸಂಗ್ರಹಿಸಿದ ನಮೂನೆಗಳೇ ಅದರಲ್ಲಿ ಜಾಸ್ತಿ ಇದ್ದರೆ, ಅಥಣಿಯ ಹೊಲದಿಂದ ಬಂದ ಫ್ಯುಸೇರಿಯಂ ಎದುರು ಬಂದಾಗ ಅದು ತಡವರಿಸಬಹುದು. ದುಡ್ಡು ಕೊಟ್ಟು ಮಷೀನು ತರುವುದರ ಜೊತೆಗೆ ನಮ್ಮ ಕಡೆಯ ಫಂಗಸ್ಸುಗಳನ್ನು ಬೆಳೆಸಿ, ಹೆಸರು ಖಾತ್ರಿ ಮಾಡಿ, ಅದಕ್ಕೆ ಸೇರಿಸುವ ಕೆಲಸವೂ ಆಗಬೇಕು. ಅದಾಗುವವರೆಗೆ ಕೆಲವು ರಿಪೋರ್ಟುಗಳಲ್ಲಿ 'ಗುರುತು ಸಿಗಲಿಲ್ಲ' ಎಂದೇ ಬರುತ್ತದೆ. ಗಾಬರಿಯಾಗಬೇಡಿ, ಮುಂದೆ ಡಿಎನ್‌ಎ ಪರೀಕ್ಷೆಗೆ ಕಳಿಸುತ್ತಾರೆ.