18ರ ಗೇಮ್ 15ರ ಕೈಗೆ

ಎಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮ್‌ಗಳಿಗೆ 'ವಯಸ್ಕರಿಗೆ ಮಾತ್ರ' ಅನ್ನೋ ರೇಟಿಂಗ್ ಬೇಕೋ ಬೇಡವೋ ಅಂತ ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಬೇಕು ಅಂದವರೂ ಮಕ್ಕಳ ಹೆಸರು ಹೇಳಿದರು, ಬೇಡ ಅಂದವರೂ ಮಕ್ಕಳ ಹೆಸರನ್ನೇ ಹೇಳಿದರು. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಆ ರೇಟಿಂಗ್ ಇಲ್ಲದ್ದರಿಂದ ಮಕ್ಕಳಿಗೆ ರಕ್ಷಣೆ ಸಿಗಲಿಲ್ಲ. ದೊಡ್ಡವರ ಗೇಮ್‌ಗಳು ಅವರ ಕೈಗೆ ಇನ್ನೂ ಸುಲಭವಾಗಿ ಸಿಕ್ಕವು.

ಅಲ್ಲಿ ಸಿನಿಮಾಗಳಿಗೆ ಆರ್ 18+, ಅಂದರೆ 18 ತುಂಬಿದವರಿಗೆ ಮಾತ್ರ ಅನ್ನೋ ರೇಟಿಂಗ್ ಇತ್ತು, ಗೇಮ್‌ಗಳಿಗೆ ಇರಲಿಲ್ಲ. ಗೇಮ್‌ಗಳಿಗೆ ಎಂಎ 15+ ಕೊನೆಯ ಮೆಟ್ಟಿಲು. ಅದನ್ನು ಮೀರಿದ ಗೇಮ್‌ಗೆ ರೇಟಿಂಗ್ ಕೊಡುತ್ತಲೇ ಇರಲಿಲ್ಲ. ರೇಟಿಂಗ್ ಇಲ್ಲ ಅಂದರೆ ಅಂಗಡಿಯಲ್ಲಿ ಮಾರುವ ಹಾಗಿಲ್ಲ, ನಲವತ್ತು ವರ್ಷದವರಿಗೂ ಕೂಡ. ಗೇಮ್ ಅಂದರೆ ಮಕ್ಕಳಾಟ ಅನ್ನೋ ಹಳೇ ನಂಬಿಕೆ ಇದರ ಹಿಂದಿತ್ತು. ಆದರೆ 2009ರ ಹೊತ್ತಿಗೆ ಅಲ್ಲಿ ಗೇಮ್ ಆಡುವವರ ಸರಾಸರಿ ವಯಸ್ಸು 30 ಎಂದು ಬಾಂಡ್ ವಿಶ್ವವಿದ್ಯಾಲಯದ ಅಧ್ಯಯನ ಹೇಳಿತ್ತು.

ಈ ವ್ಯವಸ್ಥೆ ಏನು ಮಾಡುತ್ತಿತ್ತು ಅಂತ ಹತ್ತಿರದಿಂದ ನೋಡೋಣ. 2008ರಲ್ಲಿ ಫಾಲ್‌ಔಟ್ 3 ಅನ್ನೋ ಗೇಮ್ ರೇಟಿಂಗ್ ಕೊಡುವ ಮಂಡಳಿಯ ಮುಂದೆ ಬಂತು. ಅದರಲ್ಲಿ ನಮ್ಮ ಪಾತ್ರ ಮಾರ್ಫಿನ್ ತೆಗೆದುಕೊಂಡರೆ ಏಟು ತಡೆಯುವ ಶಕ್ತಿ ಜಾಸ್ತಿ ಆಗುತ್ತಿತ್ತು. ನಿಜವಾದ ಮಾದಕ ವಸ್ತುವಿನಿಂದ ಆಟಗಾರನಿಗೆ ಲಾಭ ಸಿಗುತ್ತಿದೆ ಎಂದು ಮಂಡಳಿ ರೇಟಿಂಗ್ ನಿರಾಕರಿಸಿತು. ಕಂಪನಿಯವರು ಮಾರ್ಫಿನ್ ಹೆಸರು ತೆಗೆದು ಮೆಡ್-ಎಕ್ಸ್ ಅಂತ ಇಟ್ಟರು. ಗೇಮ್ ಎಂಎ 15+ ಆಗಿ ಪಾಸಾಯಿತು. ಗುಂಡು ಬಿದ್ದರೆ ತಲೆ ಸಿಡಿದು ಚೂರಾಗುವ ದೃಶ್ಯಗಳು ಹಾಗೇ ಉಳಿದವು. ಬ್ರಿಟನ್‌ನಲ್ಲಿ ಇದೇ ಗೇಮ್‌ಗೆ 18ರ ರೇಟಿಂಗ್. ಹೆಸರು ಬದಲಾದ ಮಾತ್ರಕ್ಕೆ 15ರ ಹುಡುಗನಿಗೆ ಅದು ತಕ್ಕದ್ದಾಯಿತಾ?

ಮರುವರ್ಷ ಲೆಫ್ಟ್ 4 ಡೆಡ್ 2 ಸರದಿ. ಮೊದಲು ನಿರಾಕರಣೆ, ಆಮೇಲೆ ಕತ್ತರಿ. ಆಸ್ಟ್ರೇಲಿಯಾದ ಆವೃತ್ತಿಯಲ್ಲಿ ಕೈಕಾಲು ತುಂಡಾಗುತ್ತಿರಲಿಲ್ಲ, ಸತ್ತ ಜಾಂಬಿಯ ಹೆಣ ನೆಲಕ್ಕೆ ಬೀಳುತ್ತಲೇ ಮಾಯವಾಗುತ್ತಿತ್ತು. ಆದರೆ ಕೊಲ್ಲುವುದು ಮಾತ್ರ ಅಷ್ಟೇ ಇತ್ತು. ಮಾಡರ್ನ್ ವಾರ್‌ಫೇರ್ 2, ಗಾಡ್ ಆಫ್ ವಾರ್ 3 ಕೂಡ ಬ್ರಿಟನ್‌ನಲ್ಲಿ 18, ಆಸ್ಟ್ರೇಲಿಯಾದಲ್ಲಿ 15. ಮೇಲೊಂದು ಮೆಟ್ಟಿಲು ಇದ್ದಿದ್ದರೆ ಇಂಥವನ್ನು ಅಲ್ಲಿಗೆ ಕಳಿಸಬಹುದಿತ್ತು. ಇರಲಿಲ್ಲವಲ್ಲ, ಹಾಗಾಗಿ ಎಲ್ಲಾ 15ಕ್ಕೇ ಬಂದು ಸೇರಿದವು.

ಹಾಗಾದರೆ ಯಾಕೆ ಬದಲಾಯಿಸಲಿಲ್ಲ? ಕೇಂದ್ರ, ರಾಜ್ಯ, ಪ್ರಾಂತ್ಯಗಳ ಅಟಾರ್ನಿ ಜನರಲ್‌ಗಳು, ಅಂದರೆ ಅಲ್ಲಿನ ಕಾನೂನು ಮಂತ್ರಿಗಳೆಲ್ಲ ಒಪ್ಪಬೇಕಿತ್ತು. ಒಬ್ಬರು ಬೇಡ ಅಂದರೂ ಮುಗಿಯಿತು. ದಕ್ಷಿಣ ಆಸ್ಟ್ರೇಲಿಯಾದ ಮೈಕಲ್ ಅಟ್ಕಿನ್ಸನ್ ಬೇಡ ಅಂದರು, ಕೊನೆಯವರೆಗೂ ಪಟ್ಟು ಬಿಡಲಿಲ್ಲ. ಆ ಕಾಲದಲ್ಲಿ ಗೇಮ್ ಆಡುವವರು ಅವರನ್ನು ಬೈದದ್ದೇ ಬೈದದ್ದು. ನನಗೆ ಅದು ಇಷ್ಟವಾಗುವುದಿಲ್ಲ, ಅವರ ವಾದದಲ್ಲಿ ಹುರುಳಿತ್ತು. ಸಿನಿಮಾ ನೋಡುವವನು ಸುಮ್ನೆ ನೋಡುತ್ತಾನೆ, ಗೇಮ್ ಆಡುವವನು ತಾನೇ ಹೊಡೆಯುತ್ತಾನೆ, ಪರಿಣಾಮ ಬೇರೆ ಅಲ್ವಾ ಅಂತ ಅವರು ಕೇಳಿದರು. ದೊಡ್ಡವರಿಗೆಂದು ಮನೆಗೆ ಬಂದದ್ದು ಮಕ್ಕಳ ಕೈಗೂ ಸಿಗುತ್ತದೆ ಎಂದರು. ಈ ಎರಡನೇ ಮಾತನ್ನು ಯಾವ ತಾಯಿತಂದೆಯೂ ತಳ್ಳಿಹಾಕಲಾರರು. ಆದರೆ ಮೊದಲನೆಯದಕ್ಕೆ ಪುರಾವೆ ಗಟ್ಟಿಯಾಗಿರಲಿಲ್ಲ. ಸರ್ಕಾರವೇ 2010ರಲ್ಲಿ ಇದ್ದಬದ್ದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಯಾವುದೂ ಖಚಿತವಿಲ್ಲ ಎಂದಿತು. ಇನ್ನು ಎರಡನೆಯದು. ಡಬ್ಬಿಯ ಮೇಲೆ 15 ಅಂತ ಬರೆದಿದ್ದರೆ ಅಪ್ಪ ಅಮ್ಮ ಧೈರ್ಯವಾಗಿ ಕೊಡಿಸುತ್ತಾರೆ. 18 ಅಂತಿದ್ದರೆ ಒಂದು ಕ್ಷಣ ಯೋಚಿಸುತ್ತಾರೆ. ಆ ಒಂದು ಕ್ಷಣವನ್ನೇ ಅವರಿಂದ ಕಿತ್ತುಕೊಂಡಿದ್ದರು.

ಜನರ ಅಭಿಪ್ರಾಯ ಕೇಳಿದಾಗ 58 ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು. ಸುಮಾರು ಶೇಕಡಾ 98 ಮಂದಿ ಹೊಸ ರೇಟಿಂಗ್ ಬೇಕು ಎಂದರು. ಇದರಲ್ಲಿ ದೊಡ್ಡ ಪಾಲು ಗೇಮ್ ಮಾರುವ ಅಂಗಡಿಗಳ ಅಭಿಯಾನದಿಂದ ಬಂದದ್ದು. ಹಾಗಾಗಿ ಇದೇ ಇಡೀ ದೇಶದ ದನಿ ಅಂತ ನಾನು ಹೇಳುವುದಿಲ್ಲ.

2010ರ ಮಾರ್ಚ್‌ನಲ್ಲಿ ಅಟ್ಕಿನ್ಸನ್ ಆ ಹುದ್ದೆ ಬಿಟ್ಟರು. ಅವರ ಜಾಗಕ್ಕೆ ಬಂದ ಜಾನ್ ರಾವ್ ಬೇರೆ ದಾರಿ ಹಿಡಿದರು. 18 ತನ್ನಿ, ಆದರೆ ಗೇಮ್‌ಗಳಿಗೆ 15 ಅನ್ನೋದನ್ನೇ ತೆಗೆಯಿರಿ, ಮಕ್ಕಳದು ಒಂದು ಕಡೆ, ದೊಡ್ಡವರದು ಇನ್ನೊಂದು ಕಡೆ ಇರಲಿ ಎಂದರು. ಇಡೀ ವಾದದಲ್ಲಿ ರೋಗ ಎಲ್ಲಿದೆ ಅಂತ ಸರಿಯಾಗಿ ಕಂಡುಹಿಡಿದವರು ಅವರೇ ಎಂದು ನನಗನ್ನಿಸುತ್ತದೆ. ಆದರೆ ಅವರ ಮಾತು ನಡೆಯಲಿಲ್ಲ, 15 ಹಾಗೇ ಉಳಿಯಿತು. 2013ರ ಜನವರಿ 1ರಿಂದ ಆರ್ 18+ ಜಾರಿಗೆ ಬಂತು.

ಬಾಗಿಲು ತೆರೆದರೆ ಏನು ಬೇಕಾದರೂ ನುಗ್ಗುತ್ತದೆ ಎಂಬ ಭಯ ಸುಳ್ಳಾಯಿತು. ಅದೇ ವರ್ಷ ಜೂನ್‌ನಲ್ಲಿ ಸೇಂಟ್ಸ್ ರೋ 4 ಗೇಮ್‌ಗೆ ಹೊಸ ನಿಯಮದ ಅಡಿಯಲ್ಲೂ ರೇಟಿಂಗ್ ಸಿಗಲಿಲ್ಲ. ಲೆಫ್ಟ್ 4 ಡೆಡ್ 2 ಮಾತ್ರ 2014ರಲ್ಲಿ ಕತ್ತರಿ ಇಲ್ಲದೆ 18ಕ್ಕೆ ಹೋಯಿತು. ಅದು ಮೊದಲಿನಿಂದಲೂ ಇರಬೇಕಾದ ಜಾಗ ಅದೇ.

ಈಗ ವಾದ ರಕ್ತದಿಂದ ದುಡ್ಡಿಗೆ ಬಂದಿದೆ. 2024ರ ಸೆಪ್ಟೆಂಬರ್ 22ರಿಂದ, ಜೂಜನ್ನು ಅನುಕರಿಸುವ ಹೊಸ ಗೇಮ್‌ಗಳಿಗೆ ಅಲ್ಲಿ ಆರ್ 18+ ಕಡ್ಡಾಯ. ಆದರೆ ದುಡ್ಡು ಕೊಟ್ಟು, ಒಳಗೇನಿದೆ ಅಂತ ಗೊತ್ತಿಲ್ಲದೆ ತೆರೆಯುವ ಲೂಟ್ ಬಾಕ್ಸ್ ಇದ್ದರೆ ಕನಿಷ್ಠ ಎಂ ರೇಟಿಂಗ್ ಸಾಕು. ಎಂ ಅಂದರೆ ಬರೀ ಸಲಹೆ. ಯಾವ ವಯಸ್ಸಿನ ಮಗುವಿಗೆ ಬೇಕಾದರೂ ಮಾರಬಹುದು. ಅದೃಷ್ಟಕ್ಕೆ ದುಡ್ಡು ಕಟ್ಟುವುದನ್ನು ಮಗುವಿಗೆ ರೂಢಿ ಮಾಡಿಸುವ ಗೇಮ್‌ಗೆ ಇಷ್ಟು ಸಡಿಲ ರೇಟಿಂಗ್ ಸಾಲದು. ಅದನ್ನೂ 18ಕ್ಕೆ ಏರಿಸಬೇಕು ಎಂಬುದು ನನ್ನ ವಾದ. ನೀವು ಒಪ್ಪದಿದ್ದರೆ ಯಾಕೆ ಅಂತ ಹೇಳಿ, ಈಗಲೇ ಮಾತಾಡೋಣ.