ನಲವತ್ತು ದಾಟಿ ಬಂದವರಿಗೆ ಮೊದಲು ಬೀಳೋದನ್ನು ಕಲಿಸೋಣ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಕರಾಟೆ, ಜೂಡೊ ತರಗತಿ ನಡೆಸುವವರು. ಹಾಗಾಗಿ ನೇರವಾಗಿ ವಿಷಯಕ್ಕೇ ಬರುತ್ತೇನೆ. ನಲವತ್ತೋ ಐವತ್ತೋ ದಾಟಿದವರು ಕಲಿಯಲು ಬಂದಾಗ ನಾವು ಏನು ಮಾಡುತ್ತೇವೆ? ಒಂದೋ ಹುಡುಗರ ಸಾಲಿನಲ್ಲಿ ನಿಲ್ಲಿಸಿ ಅವರಷ್ಟೇ ಕುಣಿಸುತ್ತೇವೆ. ಇಲ್ಲಾಂದ್ರೆ "ನಿಮಗೆ ಇಷ್ಟು ಸಾಕು" ಅಂತ ಒಂದು ಮೂಲೆಯಲ್ಲಿ ಸುಮ್ನೆ ಕೈಕಾಲು ಆಡಿಸಲು ಬಿಡುತ್ತೇವೆ. ಎರಡನೆಯದು ನನಗೆ ಜಾಸ್ತಿ ಬೇಸರ ತರುತ್ತದೆ. ಅವರು ಕಲಿಯಬೇಕು ಅಂತಲೇ ಬಂದಿದ್ದಾರೆ. ಪಾಠ ಕಮ್ಮಿ ಮಾಡಬೇಕಿಲ್ಲ, ಅದರ ಕ್ರಮ ಬದಲಿಸಬೇಕು.

ಇದು ನನಗೆ ಗೊತ್ತಾಗಿದ್ದು ನನ್ನದೇ ಒಂದು ತಪ್ಪಿನಿಂದ. 52 ವರ್ಷದ ಶಿಷ್ಯರೊಬ್ಬರು ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಬಂದರು. ಒದೆತ ಮೇಲೇರಿತ್ತು, ಏದುಸಿರು ಕಮ್ಮಿಯಾಗಿತ್ತು. ನನಗೂ ಹುಮ್ಮಸ್ಸು. ಒಂದು ಸಂಜೆ ಹಾರಿ ಒದೆಯುವುದನ್ನು ಹೇಳಿಕೊಟ್ಟೆ. ಮೂರನೇ ಸಲ ನೆಲ ಒತ್ತಿ ಜಿಗಿಯಲು ಹೋದವರು ತಟ್ಟನೆ ಹಿಂದೆ ತಿರುಗಿ, "ಯಾರು ಒದ್ದಿದ್ದು?" ಅಂತ ಕೇಳಿದರು. ಹಿಂದೆ ಯಾರೂ ಇರಲಿಲ್ಲ. ಹಿಮ್ಮಡಿಯ ಮೇಲಿನ ಟೆಂಡನ್ ಹರಿದಿತ್ತು.

ಆಮೇಲೆ ಕಾರಣ ಹುಡುಕಿದೆ. ಮಾಂಸಖಂಡ ಕೆಲವೇ ವಾರಗಳಲ್ಲಿ ಬಲ ಕೂಡಿಸಿಕೊಳ್ಳುತ್ತದೆ. ಅದನ್ನು ಮೂಳೆಗೆ ಬಿಗಿಯುವ ಟೆಂಡನ್‌ಗೆ ರಕ್ತದ ಹರಿವು ಕಮ್ಮಿ. ಅದು ಗಟ್ಟಿಯಾಗಲು ತಿಂಗಳುಗಳು ಬೇಕು. ವಯಸ್ಸಾದಂತೆ ಅದರ ಹಿಗ್ಗುವ ಗುಣವೂ ಇಳಿಯುತ್ತದೆ. ಅಂದರೆ ಎರಡನೇ ತಿಂಗಳು "ನಾನೀಗ ಚೆನ್ನಾಗಿದ್ದೀನಿ" ಅಂತ ಅನ್ನಿಸುವಾಗಲೇ ಅಪಾಯ ಜಾಸ್ತಿ. ಹುಷಾರಾಗಿರಬೇಕಾದವರು ನಾವು, ಅಲ್ವಾ?

ಈಗ ನಮ್ಮಲ್ಲಿ ಮೊದಲ ಆರು ತಿಂಗಳು ಜಿಗಿತವೇ ಇಲ್ಲ. ಅದರ ಬದಲು ಹಿಮ್ಮಡಿ ಎತ್ತುವ ಅಭ್ಯಾಸ. ಮೊದಲು ಎರಡೂ ಕಾಲಲ್ಲಿ, ಗೋಡೆ ಹಿಡಿದು. ಮೇಲೇರಲು ಎರಡು ಎಣಿಕೆ, ಇಳಿಯಲು ನಾಲ್ಕು. ಆಮೇಲೆ ಒಂದೇ ಕಾಲಲ್ಲಿ. ಹಗ್ಗದಾಟ ಅದಾದ ಮೇಲೆ. ನೋಡುವವರಿಗೆ ಇದರಲ್ಲಿ ಕರಾಟೆ ಎಲ್ಲಿದೆ ಅನ್ನಿಸಬಹುದು. ಒದೆಯುವಾಗ ಇಡೀ ಮೈ ನಿಲ್ಲುವುದು ಇನ್ನೊಂದು ಕಾಲಿನ ಮೇಲೆ ತಾನೆ?

ಇನ್ನು ಬೀಳುವುದು. ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಅನ್ನೋ ಶಾಲೆ ಶುರು ಮಾಡಿ ಕಟ್ಟಿದ ಜೂಡೊದಲ್ಲಿ ಎಸೆಯುವುದಕ್ಕಿಂತ ಮೊದಲು ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಾರೆ. ನಾನು ಕರಾಟೆಯವನಾದರೂ ಹಿರಿಯರ ತರಗತಿಗೆ ಇದನ್ನು ತಂದಿದ್ದೇನೆ. ದೊಡ್ಡವರು ಬೀಳುವಾಗ ಮಾಡುವ ಮೊದಲ ಕೆಲಸ ಕೈ ಹಿಂದೆ ಊರುವುದು. ಮಣಿಕಟ್ಟು ಮುರಿಯುವುದು ಹೀಗೇ. ಆ ಅಭ್ಯಾಸ ಬಿಡಿಸಲು ಅವಸರ ಮಾಡಬಾರದು.

ಮೊದಲು ಮ್ಯಾಟ್ ಮೇಲೆ ಮಂಡಿ ಮಡಚಿ ಕೂರಿಸಿ. ಎರಡೂ ಕೈ ಎದೆಯ ಮುಂದೆ ಅಡ್ಡ. ಗದ್ದ ಎದೆಗೆ, ಕಣ್ಣು ಬೆಲ್ಟಿನ ಗಂಟಿನ ಮೇಲೆ. ಹೀಗಿದ್ದರೆ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳಬೇಕು. ಬೆನ್ನು ನೆಲ ಮುಟ್ಟುವಾಗಲೇ ಎರಡೂ ಕೈಗಳನ್ನು ಪಕ್ಕಕ್ಕೆ ಓರೆಯಾಗಿ ಚಾಚಿ ಅಂಗೈಯಿಂದ ಮ್ಯಾಟ್ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ಕೂತು ಬೀಳುವುದು ಸಲೀಸಾದ ಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ಕೆಲವರಿಗೆ ನಿಂತು ಬೀಳುವ ತನಕ ನಾಲ್ಕು ತಿಂಗಳು ಹಿಡಿದಿದೆ. ಹಿಡಿಯಲಿ. ಬೀಳುವ ಭಯ ಹೋದವರ ನಡಿಗೆಯೇ ಬೇರೆ ಆಗುತ್ತದೆ. ಅದನ್ನು ನೋಡುವುದಕ್ಕೇ ನಾನು ಈ ತರಗತಿ ನಡೆಸುತ್ತೇನೆ.

ಎದ್ದೇಳುವಾಗಲೂ ಗಮನ ಇರಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ದಿಢೀರ್ ಎದ್ದರೆ ತಲೆ ಸುತ್ತುತ್ತದೆ. ಒಂದು ಮಂಡಿಯೂರಿ, ಎರಡು ಉಸಿರು ಎಳೆದು, ಆಮೇಲೆ ಏಳಲಿ. ಉಸಿರು ಕಟ್ಟಿ ಬಲ ಹಾಕಿದರೆ ರಕ್ತದೊತ್ತಡ ಏರುತ್ತದೆ. ಏಟು ಹಾಕುವಾಗಿನ ಕಿಯಾಯ್ ಕೂಗು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ, ಯಾಕಂದ್ರೆ ಕೂಗುವಾಗ ಉಸಿರು ಕಟ್ಟಲು ಆಗುವುದಿಲ್ಲ. ಸೇರುವ ದಿನವೇ ಆರೋಗ್ಯದ ವಿಚಾರ ಪಕ್ಕಕ್ಕೆ ಕರೆದು ಕೇಳಿ, ಎಲ್ಲರೆದುರು ಬೇಡ.

ವಾರದ ಲೆಕ್ಕ ಸುಲಭ. ಎರಡು ತರಗತಿ, ನಡುವೆ ಎರಡು ದಿನ ಬಿಡುವು. ಒಂದು ಗಂಟೆಯಲ್ಲಿ ಮೊದಲ 15 ನಿಮಿಷ ಮೈ ಬಿಸಿಯಾಗಲು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಮಧ್ಯಮ ವ್ಯಾಯಾಮ ಬೇಕು ಅನ್ನುತ್ತದೆ. ಉಳಿದದ್ದನ್ನು ಅವರು ನಡೆದು ತುಂಬಿಸಿಕೊಳ್ಳಲಿ.

ಸ್ಪಾರಿಂಗ್‌ನಲ್ಲಿ ಅಂದರೆ ಜೋಡಿ ಕಾದಾಟದ ಅಭ್ಯಾಸದಲ್ಲಿ, ನಮ್ಮದು ಒಂದೇ ಕಟ್ಟುನಿಟ್ಟು. ಜೊತೆಗಾರ ಯಾರು, ವೇಗ ಎಷ್ಟು ಅನ್ನೋದನ್ನು ವಯಸ್ಸಾದ ಆ ಶಿಷ್ಯರೇ ಹೇಳುತ್ತಾರೆ.

ಬೆಲ್ಟ್ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಬೇಡಿ. ಕೊಟ್ಟರೆ ಅವರಿಗೇ ಅವಮಾನ. ಅದೇ ಕಟಾ, ಅಂದರೆ ಗೊತ್ತುಮಾಡಿದ ಚಲನೆಗಳ ಸರಣಿ ಇರಲಿ, ಆದರೆ ಒದೆತದ ಎತ್ತರ ಅಳೆಯಬೇಡಿ. ಮಂಡಿ ಪಾದದ ದಿಕ್ಕಿಗೇ ಇದೆಯಾ, ಒದ್ದ ಕಾಲು ಹಿಂದಕ್ಕೆ ಬಂದಾಗ ತೂಕ ಅಲುಗಿತಾ, ಅದನ್ನು ನೋಡಿ. ಕರಾಟೆಯ ದೊಡ್ಡ ಗುರು ಗಿಚಿನ್ ಫುನಾಕೋಶಿ 1868ರಲ್ಲಿ ಹುಟ್ಟಿದವರು. ಓಕಿನಾವಾದಿಂದ ಟೋಕಿಯೋಗೆ ಬಂದು ಕರಾಟೆ ತೋರಿಸಿದ್ದು 1922ರಲ್ಲಿ. ಲೆಕ್ಕ ಹಾಕಿ, ಆಗ ಅವರಿಗೆ ಐವತ್ತು ದಾಟಿತ್ತು.

ಟೆಂಡನ್ ಹರಿದುಕೊಂಡ ಶಿಷ್ಯರ ಕಥೆ ಅಲ್ಲಿಗೇ ಬಿಟ್ಟಿದ್ದೆ. ಹನ್ನೊಂದು ತಿಂಗಳ ಮೇಲೆ ಅವರು ವಾಪಸ್ ಬಂದರು. ನಾನು ಕ್ಷಮೆ ಕೇಳಿದೆ. ಅವರು "ಈ ಸಲ ಮೊದಲಿಂದ ಶುರು ಮಾಡೋಣ ಸರ್" ಅಂದರು. ಇವತ್ತು ಅವರೂ ಬಂದಿದ್ದಾರೆ. ಮ್ಯಾಟ್ ಹಾಸಿದೆ. ಕೂತು ಬೀಳುವುದನ್ನು ಅವರೇ ತೋರಿಸುತ್ತಾರೆ. ಬನ್ನಿ, ಶೂ ಬಿಚ್ಚಿಟ್ಟು ಹತ್ತಿರ ಬನ್ನಿ.